ತಂದೆಯ ಚಿತ್ತವೇ ನಮ್ಮ ನೆಂಟಸ್ತಿಕೆ

(ನವೆಂಬರ್ 21 – ಮಾತೆ ಮರಿಯಮ್ಮನವರ ಸಮರ್ಪಣೆಯ ಹಬ್ಬದ ಚಿಂತನೆ)



ಮಾತೆ ಮರಿಯಮ್ಮನವರ ಹಬ್ಬವೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಸಂಭ್ರಮಕ್ಕೆ ಕೊರತೆಯಿಲ್ಲ. ಆದರೆ ನವೆಂಬರ್ 21ರ ಸಮರ್ಪಣೆಯ ಹಬ್ಬಕ್ಕೆಂದು ಧರ್ಮಸಭೆ ಆರಿಸಿಕೊಟ್ಟಿರುವ ಶುಭಸಂದೇಶ ವಾಚನವನ್ನು (ಮತ್ತಾಯ 12:46-50) ಗಮನವಿಟ್ಟು ಕೇಳಿದರೆ ಮನಸ್ಸು ಒಂದು ಕ್ಷಣ ತಡೆದು ನಿಲ್ಲುತ್ತದೆ. ಯೇಸು ಜನರ ಗುಂಪಿಗೆ ಬೋಧಿಸುತ್ತಿದ್ದಾರೆ. ತಾಯಿ ಮತ್ತು ಬಂಧುಗಳು ಹೊರಗೆ ಬಂದು ನಿಂತಿದ್ದಾರೆ. ಸುದ್ದಿ ಒಳಗೆ ಬರುತ್ತದೆ. ಯೇಸು ಎದ್ದು ಹೋಗುವುದಿಲ್ಲ. ತಮ್ಮ ತಾಯಿ ಯಾರು, ತಮ್ಮ ಸಹೋದರರು ಯಾರು ಎಂದು ಪ್ರಶ್ನೆ ಹಾಕುತ್ತಾರೆ. ಅನಂತರ ಶಿಷ್ಯರ ಕಡೆಗೆ ಕೈಚಾಚಿ, ಸ್ವರ್ಗದಲ್ಲಿರುವ ತಮ್ಮ ತಂದೆಯ ಚಿತ್ತವನ್ನು ನೆರವೇರಿಸುವವರೇ ತಮಗೆ ಸಹೋದರ, ಸಹೋದರಿ, ತಾಯಿ ಎಂದು ಸಾರುತ್ತಾರೆ.

ಮರಿಯಮ್ಮನವರ ಹಬ್ಬದ ದಿನವೇ ಇಂಥ ವಾಚನವೇಕೆ? ಮೇಲ್ನೋಟಕ್ಕೆ ತಾಯಿಯನ್ನು ಬದಿಗೆ ಸರಿಸಿದಂತೆ ಕಾಣುವ ಈ ಮಾತಿನಲ್ಲಿ ತಾಯಿಗೆ ಯಾವ ಗೌರವ ಅಡಗಿದೆ? ಊರು ಬಿಟ್ಟು, ಬಂಧುಬಳಗ ಬಿಟ್ಟು, ಕಾರ್ಖಾನೆಗಳ ನಡುವೆ ಬಾಡಿಗೆ ಮನೆಗಳಲ್ಲಿ ಬದುಕುತ್ತಿರುವ ನಮ್ಮ ಕುಟುಂಬಗಳಿಗೆ ಈ ಮಾತಿನಿಂದ ಏನು ಪ್ರಯೋಜನ? ಈ ಪ್ರಶ್ನೆಗಳನ್ನು ಇಟ್ಟುಕೊಂಡು ಹಬ್ಬವನ್ನು ಧ್ಯಾನಿಸೋಣ.

ಹಬ್ಬದ ಹಿನ್ನೆಲೆ

ಮರಿಯಮ್ಮನವರ ಬಾಲ್ಯದ ಬಗ್ಗೆ ಪವಿತ್ರ ಬೈಬಲ್ ಏನನ್ನೂ ಹೇಳುವುದಿಲ್ಲ. ಎರಡನೆಯ ಶತಮಾನಕ್ಕೆ ಸೇರಿದ, ಯಕೋಬನ ಹೆಸರಿನಲ್ಲಿ ಬಳಕೆಯಲ್ಲಿದ್ದ ಒಂದು ಪುರಾತನ ಬರಹದಲ್ಲಿ ಆ ಕಥೆ ಸಿಗುತ್ತದೆ. ಅದು ಬೈಬಲಿನ ಭಾಗವಲ್ಲ. ಜೋಕಿಮ್ ಮತ್ತು ಅನ್ನಮ್ಮ ದಂಪತಿಗಳು ತಮ್ಮ ಮಗಳು ಮೂರು ವರ್ಷದವಳಾದಾಗ ಅವಳನ್ನು ಜೆರುಸಲೇಮಿನ ಮಹಾದೇವಾಲಯಕ್ಕೆ ಕರೆತಂದು ದೇವರಿಗೆ ಒಪ್ಪಿಸಿದರು, ಮಗು ಹಿಂತಿರುಗಿ ನೋಡಲಿಲ್ಲ ಎಂದು ಆ ಬರಹ ಹೇಳುತ್ತದೆ. ಕ್ರಿ.ಶ. 543ರಲ್ಲಿ ಜೆರುಸಲೇಮಿನಲ್ಲಿ ಮಹಾದೇವಾಲಯವಿದ್ದ ಸ್ಥಳದ ಸಮೀಪ ಮರಿಯಮ್ಮನವರ ಹೆಸರಿನಲ್ಲಿ ಹೊಸ ದೇವಾಲಯವೊಂದು ಪ್ರತಿಷ್ಠೆಗೊಂಡಿತು. ಆ ಪ್ರತಿಷ್ಠೆಯ ನೆನಪೇ ಕ್ರಮೇಣ ಹಬ್ಬವಾಗಿ ಬೆಳೆಯಿತು. ಪೂರ್ವದ ಧರ್ಮಸಭೆಗಳಲ್ಲಿ ಇದು ಮಹಾಹಬ್ಬಗಳ ಸಾಲಿನಲ್ಲಿದೆ. ಪಶ್ಚಿಮದಲ್ಲಿ ಐದನೆಯ ಭಕ್ತಿನಾಥರು (ಪಿಯುಸ್) 1568ರಲ್ಲಿ ಇದನ್ನು ಪಂಚಾಂಗದಿಂದ ಕೈಬಿಟ್ಟರು. 1585ರಲ್ಲಿ ಐದನೆಯ ಸಿಕ್ಸ್‌ಟಸ್ ಜಗದ್ಗುರುಗಳು ಮತ್ತೆ ಸೇರಿಸಿದರು.

ಹಾಗಾದರೆ ನಾವು ಆಚರಿಸುವುದು ಒಂದು ಬಾಲ್ಯದ ಕಥೆಯನ್ನೇ? ಕಥೆಯ ವಿವರಗಳನ್ನು ಧರ್ಮಸಭೆ ವಿಶ್ವಾಸದ ಸತ್ಯವೆಂದು ಬೋಧಿಸುವುದಿಲ್ಲ. ಮರಿಯಮ್ಮನವರ ಬದುಕು ಮೊದಲಿನಿಂದಲೂ ದೇವರಿಗೆ ಮೀಸಲಾಗಿತ್ತು, ಅವರು ಪೂರ್ಣವಾಗಿ ದೇವರ ಚಿತ್ತಕ್ಕೆ ಒಪ್ಪಿಸಿಕೊಂಡಿದ್ದರು ಎಂಬುದೇ ಹಬ್ಬದ ತಿರುಳು. ಗಬ್ರಿಯೇಲ್ ದೂತನಿಗೆ ಅವರು ಕೊಟ್ಟ ಒಪ್ಪಿಗೆ ಒಂದು ದಿನದ ಮಾತಲ್ಲ, ಅಲ್ಲಿಯವರೆಗಿನ ಇಡೀ ಬದುಕಿನ ಫಲ.

ನಮ್ಮ ಬೆಂಗಳೂರಿಗೂ ಈ ಹಬ್ಬಕ್ಕೂ ಹಳೆಯ ನಂಟಿದೆ ಎಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ. ಇಂದು ಶಿವಾಜಿನಗರದಲ್ಲಿ ತಲೆಯೆತ್ತಿ ನಿಂತಿರುವ ಸಂತ ಮರಿಯಮ್ಮನವರ ಬೆಸಿಲಿಕದ ಮೂಲ ಒಂದು ಚಿಕ್ಕ ಪ್ರಾರ್ಥನಾಲಯ. ತಮಿಳುನಾಡಿನ ಸೆಂಜಿ ಸೀಮೆಯಿಂದ ಬದುಕು ಅರಸಿ ಬಂದ ಕ್ರೈಸ್ತರು ಆ ಜಾಗದಲ್ಲಿ ನೆಲೆಸಿ ಭತ್ತ ಬೆಳೆದರು, ಬಿಳಿ ಅಕ್ಕಿಯಿಂದಲೇ ಆ ಊರಿಗೆ ಹೆಸರು ಬಂತು ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರ ಕಾಲದಲ್ಲಿ ಅದು ಕಾಣಿಕೆ ಮಾತೆಯ ಆಲಯವೆಂದು ಹೆಸರಾಯಿತು. ಕಾಣಿಕೆ ಎಂದರೆ ಸಮರ್ಪಣೆ. ಈಗಿನ ಭವ್ಯ ಕಟ್ಟಡ ಪ್ರತಿಷ್ಠೆಗೊಂಡದ್ದು 1882ರ ಸೆಪ್ಟೆಂಬರ್ 8ರಂದು. ಅಂದರೆ ನಮ್ಮ ಮಹಾಧರ್ಮಪ್ರಾಂತ್ಯದ ಅತ್ಯಂತ ಪ್ರಸಿದ್ಧ ದೇವಾಲಯವನ್ನು ಮೊದಲು ಕಟ್ಟಿಕೊಂಡವರು ಊರು ಬಿಟ್ಟು ಬಂದ ಕೂಲಿಗಳು, ರೈತರು. ಬಂಧುಗಳಿಲ್ಲದ ಊರಿನಲ್ಲಿ ಅವರು ಒಬ್ಬ ತಾಯಿಯ ಸುತ್ತ ಕೂಡಿ ಒಂದು ಕುಟುಂಬವಾದರು.

ಹೊರಗೆ ನಿಂತವರು, ಒಳಗೆ ಕುಳಿತವರು

ಈಗ ಶುಭಸಂದೇಶಕ್ಕೆ ಮರಳೋಣ. ಇದೇ ಘಟನೆಯನ್ನು ಮಾರ್ಕ (3:31-35) ಮತ್ತು ಲೂಕ (8:19-21) ಕೂಡ ದಾಖಲಿಸಿದ್ದಾರೆ. ಇಲ್ಲಿ ಸಹೋದರರು ಎಂಬ ಮಾತು ಅನೇಕರನ್ನು ಗೊಂದಲಕ್ಕೆ ಈಡುಮಾಡುತ್ತದೆ. ಯೆಹೂದ್ಯರ ಬಳಕೆಯಲ್ಲಿ ಆ ಪದ ಒಡಹುಟ್ಟಿದವರಿಗೆ ಮಾತ್ರ ಸೀಮಿತವಲ್ಲ, ಹತ್ತಿರದ ದಾಯಾದಿಗಳಿಗೂ ಅದೇ ಪದ. ನಮ್ಮಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳನ್ನು ಅಣ್ಣ, ತಮ್ಮ ಎನ್ನುವುದಿಲ್ಲವೇ? ಹಾಗೆಯೇ ಇದು. ಯೇಸುವಿನ ಸಹೋದರರೆಂದು ಹೆಸರಿಸಲಾದ ಯಕೋಬ ಮತ್ತು ಜೋಸೆಫರ ತಾಯಿ ಬೇರೊಬ್ಬ ಮರಿಯ ಎಂಬುದನ್ನು ಮತ್ತಾಯನೇ ಶಿಲುಬೆಯ ಬಳಿಯ ಸ್ತ್ರೀಯರ ಪಟ್ಟಿಯಲ್ಲಿ ಸೂಚಿಸುತ್ತಾನೆ (27:56).

ಆ ಕಾಲದ ಪಲೆಸ್ತೀನಿನಲ್ಲಿ ಕುಟುಂಬವೇ ಮನುಷ್ಯನ ಸರ್ವಸ್ವ. ಹೊಲ, ಕಸುಬು, ಮದುವೆ, ಮಾನ, ಮುಪ್ಪಿನ ಆಸರೆ ಎಲ್ಲವೂ ಅದರಿಂದಲೇ. ಕುಟುಂಬವಿಲ್ಲದವನಿಗೆ ಹೆಸರಿಲ್ಲ. ಅಂಥ ಸಮಾಜದ ಮುಂದೆ ನಿಂತು ಯೇಸು ಕುಟುಂಬದ ಬಾಗಿಲನ್ನೇ ಅಗಲಗೊಳಿಸುತ್ತಾರೆ. ಹುಟ್ಟಿನಿಂದ ಬಂದ ಹಕ್ಕು ಒಳಗೆ ಬರಲು ಸಾಲದು, ಹುಟ್ಟಿನಿಂದ ಬಾರದ ಕೊರತೆ ಯಾರನ್ನೂ ಹೊರಗಿಡುವುದಿಲ್ಲ. ತಂದೆಯ ಚಿತ್ತವನ್ನು ನೆರವೇರಿಸುವುದೊಂದೇ ಬಾಗಿಲು.

ಯೇಸು ಹೇಳಿದ ಪಟ್ಟಿಯಲ್ಲಿ ಸಹೋದರನಿದ್ದಾನೆ, ಸಹೋದರಿ ಇದ್ದಾಳೆ, ತಾಯಿ ಇದ್ದಾಳೆ. ತಂದೆಯ ಹೆಸರಿಲ್ಲ. ಆ ಸ್ಥಾನ ಸ್ವರ್ಗದಲ್ಲಿರುವ ತಂದೆ ಒಬ್ಬರಿಗೇ ಸೇರಿದ್ದು. ಒಬ್ಬರೇ ತಂದೆ ಇರುವುದರಿಂದಲೇ ನಾವೆಲ್ಲರೂ ಒಡಹುಟ್ಟಿದವರು. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿಯೂ ಇದೇ ಕ್ರಮವಿದೆ. ಮೊದಲು ದೇವರನ್ನು ನಮ್ಮೆಲ್ಲರ ತಂದೆಯೆಂದು ಕರೆಯುತ್ತೇವೆ, ಅನಂತರ ಆತನ ಚಿತ್ತ ನೆರವೇರಲೆಂದು ಬೇಡುತ್ತೇವೆ. ಎರಡನ್ನೂ ಬಿಡಿಸಲಾಗದು. ಪಕ್ಕದವರನ್ನು ಅನ್ಯರೆಂದು ಬಗೆದು ಆ ಪ್ರಾರ್ಥನೆಯನ್ನು ಪೂರ್ಣಮನಸ್ಸಿನಿಂದ ಹೇಳಲು ಸಾಧ್ಯವಿಲ್ಲ.

ಹೊರಗೆ ನಿಂತಿದ್ದ ಬಂಧುಗಳ ಗತಿ ಏನಾಯಿತು? ಯೇಸುವಿನ ಸಹೋದರರು ಆಗ ಅವರನ್ನು ವಿಶ್ವಾಸಿಸುತ್ತಿರಲಿಲ್ಲ ಎಂದು ಯೊವಾನ್ನನು ಬರೆಯುತ್ತಾನೆ (7:5). ಆದರೆ ಪುನರುತ್ಥಾನದ ನಂತರ ಪ್ರೇಷಿತರು ಮೇಲುಪ್ಪರಿಗೆಯಲ್ಲಿ ಒಮ್ಮನಸ್ಸಿನಿಂದ ಪ್ರಾರ್ಥಿಸುತ್ತಿದ್ದಾಗ ಅವರ ಜೊತೆಯಲ್ಲಿ ಮರಿಯಮ್ಮನವರೂ ಯೇಸುವಿನ ಸಹೋದರರೂ ಇದ್ದರು (ಪ್ರೇಷಿತರ ಕಾರ್ಯಕಲಾಪಗಳು 1:14). ಪ್ರಭುವಿನ ಸಹೋದರನೆನಿಸಿದ ಯಕೋಬನು ಮುಂದೆ ಜೆರುಸಲೇಮಿನ ಧರ್ಮಸಭೆಯ ಆಧಾರಸ್ತಂಭವಾದನು. ಯೇಸು ಅವರನ್ನು ತಳ್ಳಿಹಾಕಿರಲಿಲ್ಲ, ಒಳಗೆ ಬರುವ ದಾರಿಯನ್ನು ತೋರಿಸಿದ್ದರು.

ತಾಯಿಗೆ ಸಂದ ನಿಜವಾದ ಗೌರವ

ಮರಿಯಮ್ಮನವರ ವಿಷಯವೇನು? ಈ ಹಬ್ಬದ ದಿನ ಧರ್ಮಸಭೆಯ ಪ್ರಾರ್ಥನಾವಿಧಿಯಲ್ಲಿ ಸಂತ ಅಗಸ್ಟೀನರ ಪ್ರಬೋಧನೆಯೊಂದನ್ನು ಓದಲಾಗುತ್ತದೆ. ಮರಿಯ ತಂದೆಯ ಚಿತ್ತವನ್ನು ನೆರವೇರಿಸಲಿಲ್ಲವೇ ಎಂದು ಅಗಸ್ಟೀನರು ಕೇಳುತ್ತಾರೆ. ನೆರವೇರಿಸಿದರು, ಪೂರ್ಣವಾಗಿ ನೆರವೇರಿಸಿದರು. ಆದ್ದರಿಂದ ಕ್ರಿಸ್ತನ ತಾಯಿಯಾದದ್ದಕ್ಕಿಂತ ಕ್ರಿಸ್ತನ ಶಿಷ್ಯೆಯಾದದ್ದೇ ಅವರಿಗೆ ಹೆಚ್ಚಿನ ಭಾಗ್ಯ ಎಂಬುದು ಅವರ ವಿವರಣೆಯ ಸಾರ. ಯೇಸುವಿನ ಮಾತು ತಾಯಿಯನ್ನು ಕೆಳಗಿಳಿಸುವುದಿಲ್ಲ. ತಾಯಿಯ ಹಿರಿಮೆ ಎಲ್ಲಿದೆ ಎಂಬುದನ್ನು ಬೆರಳಿಟ್ಟು ತೋರಿಸುತ್ತದೆ. ನಜರೇತಿನ ಅಡಿಗೆಮನೆಯಿಂದ ಕಲ್ವಾರಿಯ ಬೆಟ್ಟದವರೆಗೆ ಆ ಚಿತ್ತವನ್ನು ಹಿಡಿದು ನಡೆದವರು ಅವರು. ಈ ಹೊಸ ಕುಟುಂಬದ ಮೊದಲ ಸದಸ್ಯೆ ಅವರೇ.

ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ಇದೇ ದಾರಿಯನ್ನು ಹಿಡಿಯಿತು. ಮರಿಯಮ್ಮನವರ ಬಗ್ಗೆ ಪ್ರತ್ಯೇಕ ದಾಖಲೆ ಬೇಕೇ, ಧರ್ಮಸಭೆಯ ಕುರಿತ ದಾಖಲೆಯಲ್ಲಿಯೇ ಅವರ ವಿಷಯ ಬರಬೇಕೇ ಎಂಬ ಚರ್ಚೆ ಎದ್ದಾಗ 1963ರ ಅಕ್ಟೋಬರ್ 29ರಂದು ಮತ ಹಾಕಲಾಯಿತು. 1,114 ಮತಗಳು ಧರ್ಮಸಭೆಯ ದಾಖಲೆಯೊಳಗೇ ಸೇರಿಸುವ ಪರವಾಗಿ, 1,074 ಮತಗಳು ವಿರುದ್ಧವಾಗಿ ಬಂದವು. ಕೇವಲ 40 ಮತಗಳ ಅಂತರ. ಆ ದಾಖಲೆ ಪ್ರಕಟವಾದದ್ದು 1964ರ ನವೆಂಬರ್ 21ರಂದು, ಇದೇ ಸಮರ್ಪಣೆಯ ಹಬ್ಬದಂದು. ಅದರ ಎಂಟನೆಯ ಅಧ್ಯಾಯ ಮರಿಯಮ್ಮನವರ ಕುರಿತಾದದ್ದು. ಅದೇ ದಿನ ಆರನೆಯ ಪೌಲ್ ಜಗದ್ಗುರುಗಳು ಅವರನ್ನು ಧರ್ಮಸಭೆಯ ಮಾತೆ ಎಂದು ಘೋಷಿಸಿದರು. ತಾಯಿಯನ್ನು ಕುಟುಂಬದಿಂದ ಬೇರ್ಪಡಿಸಿ ಎತ್ತರದ ಪೀಠದಲ್ಲಿ ಕೂರಿಸಿ ಪೂಜಿಸುವುದು ಸುಲಭ. ನಮ್ಮ ಮನೆಯೊಳಗೆ, ನಮ್ಮ ನಡುವೆ ಇರುವ ತಾಯಿಯನ್ನು ಅನುಸರಿಸುವುದು ಕಷ್ಟ.

ದೇವರ ಚಿತ್ತವೋ, ಹಣೆಬರಹವೋ?

ಇಷ್ಟೆಲ್ಲ ಹೇಳಿದ ಮೇಲೆ ದೇವರ ಚಿತ್ತ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಾವು ಈ ಮಾತನ್ನು ಹೆಚ್ಚಾಗಿ ಬಳಸುವುದು ಎರಡು ಸಂದರ್ಭಗಳಲ್ಲಿ. ಕೆಲಸ, ಮದುವೆ, ವಿದೇಶ ಪ್ರಯಾಣದ ವಿಷಯದಲ್ಲಿ ನಮಗೆ ಅನುಕೂಲವಾದರೆ ದೇವರ ಚಿತ್ತ ಎನ್ನುತ್ತೇವೆ. ಸಾವುನೋವು ಬಂದಾಗ ಬೇರೆ ಮಾತು ತೋಚದೆ ದೇವರ ಚಿತ್ತ ಎನ್ನುತ್ತೇವೆ. ಎರಡನೆಯದರಲ್ಲಿ ಹಣೆಬರಹ ಎಂಬ ಅರ್ಥವೇ ಇಣುಕುತ್ತದೆ.

ಜಿಗಣಿಯಂಥ ಊರಿನಲ್ಲಿ ಈ ಗೊಂದಲ ಅಪಾಯಕಾರಿ. ಇಲ್ಲಿ ಗ್ರಾನೈಟ್ ಕಲ್ಲನ್ನು ಕೊಯ್ದು ಪಾಲಿಶ್ ಮಾಡುವ ಘಟಕಗಳಿವೆ. ಕಲ್ಲಿನ ನುಣುಪು ಧೂಳು ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ನೀರು ಹಾಯಿಸಿ ಕೊಯ್ದರೆ, ತಕ್ಕ ಮಾಸ್ಕ್ ಕೊಟ್ಟರೆ ಧೂಳಿನ ಹಾವಳಿ ತಗ್ಗುತ್ತದೆ. ಆ ಏರ್ಪಾಡು ಇಲ್ಲದೆ ಒಬ್ಬ ಕೂಲಿಕಾರ ನಲವತ್ತಕ್ಕೇ ಉಸಿರುಗಟ್ಟಿ ಮಲಗಿದರೆ ಅದನ್ನು ದೇವರ ಚಿತ್ತ ಎನ್ನಬಹುದೇ? ಕಾವಲು ಕವಚವಿಲ್ಲದ ಯಂತ್ರಕ್ಕೆ ಸಿಕ್ಕಿ ಬೆರಳು ಹೋದರೆ ಅದು ದೇವರು ಬರೆದದ್ದೇ? ಮನುಷ್ಯರ ಅಲಕ್ಷ್ಯವನ್ನು ದೇವರ ತಲೆಗೆ ಕಟ್ಟುವುದು ದೇವನಿಂದೆ. ಆ ಘಟಕಗಳಲ್ಲಿ ಮೇಲ್ವಿಚಾರಕರಾಗಿ, ಎಂಜಿನಿಯರುಗಳಾಗಿ, ಮಾಲೀಕರಾಗಿ ಇರುವ ಕ್ರೈಸ್ತರಿಗೆ ತಂದೆಯ ಚಿತ್ತವೆಂದರೆ ಆ ಮಾಸ್ಕನ್ನು ಕೊಡಿಸುವುದು, ಆ ಕವಚವನ್ನು ಹಾಕಿಸುವುದು.

ಮತ್ತಾಯನ ಶುಭಸಂದೇಶದಲ್ಲಿ ದೇವರ ಚಿತ್ತ ಯಾವಾಗಲೂ ನೆರವೇರಿಸಬೇಕಾದ ವಿಷಯ. ಪ್ರಭುವೇ ಪ್ರಭುವೇ ಎನ್ನುವವರೆಲ್ಲರೂ ಸ್ವರ್ಗಸಾಮ್ರಾಜ್ಯವನ್ನು ಸೇರುವುದಿಲ್ಲ ಎಂದು ಯೇಸು ಎಚ್ಚರಿಸುತ್ತಾರೆ (7:21). ಹೋಗುವುದಿಲ್ಲವೆಂದು ಹೇಳಿ ಮನಸ್ಸು ಬದಲಿಸಿ ತೋಟಕ್ಕೆ ಹೋದ ಮಗನೇ ತಂದೆಯ ಚಿತ್ತವನ್ನು ಮಾಡಿದವನು (21:28-31). ಗೆತ್ಸೆಮನಿಯಲ್ಲಿ ಯೇಸು ತಾವೇ ಆ ಚಿತ್ತಕ್ಕೆ ತಲೆಬಾಗಿದರು (26:42). ಕೊನೆಯ ತೀರ್ಪಿನ ದಿನ ಹಸಿದವರನ್ನು, ಪರದೇಶಿಗಳನ್ನು, ರೋಗಿಗಳನ್ನು, ಸೆರೆಯಲ್ಲಿರುವವರನ್ನು ತಮ್ಮ ಸಹೋದರರೆಂದು ಅವರು ಕರೆಯುತ್ತಾರೆ (25:40). ಹನ್ನೆರಡನೆಯ ಅಧ್ಯಾಯದಲ್ಲಿ ತಂದೆಯ ಚಿತ್ತವನ್ನು ಮಾಡುವವನು ಸಹೋದರ. ಇಪ್ಪತ್ತೈದನೆಯ ಅಧ್ಯಾಯದಲ್ಲಿ ಹಸಿದವನು ಸಹೋದರ. ಎರಡನ್ನೂ ಜೋಡಿಸಿ ಓದಿದರೆ ಆ ಚಿತ್ತ ಯಾವುದೆಂಬುದು ತಾನಾಗಿ ತಿಳಿಯುತ್ತದೆ.

ನಮ್ಮ ಊರಿನಲ್ಲಿ ಈ ಕುಟುಂಬ

ಆನೇಕಲ್ ತಾಲ್ಲೂಕಿನ ನಮ್ಮ ಜಿಗಣಿ ಒಂದು ಕಾಲಕ್ಕೆ ರಾಗಿ ಹೊಲಗಳ ಊರು. ಕೈಗಾರಿಕಾ ಪ್ರದೇಶ ಬಂದ ಮೇಲೆ ಊರಿನ ಚಹರೆಯೇ ಬದಲಾಯಿತು. ಇಲ್ಲಿಯ ಹಳ್ಳಿಗಳ ಮೂಲ ನಿವಾಸಿಗಳ ಜೊತೆಗೆ ಉತ್ತರ ಕರ್ನಾಟಕದವರು, ಕರಾವಳಿಯ ಕೊಂಕಣಿಗರು, ತಮಿಳರು, ಮಲಯಾಳಿಗಳು, ತೆಲುಗರು, ಜಾರ್ಖಂಡ್ ಒಡಿಶಾಗಳಿಂದ ಬಂದ ಯುವಕರು ಒಂದೇ ಬೀದಿಯಲ್ಲಿ ಬಾಳುತ್ತಿದ್ದಾರೆ. 2025ರ ಆಗಸ್ಟ್ 10ರಂದು ಬೊಮ್ಮಸಂದ್ರದವರೆಗೆ ಮೆಟ್ರೋ ಹಳದಿ ಮಾರ್ಗ ಉದ್ಘಾಟನೆಯಾಗಿ ನಗರ ಹತ್ತಿರವಾಯಿತು. ಆದರೆ ಗೋಡೆಯಾಚೆಗಿನ ಮನೆ ಹತ್ತಿರವಾಗಿದೆಯೇ?

ಗಂಡನಿಗೆ ರಾತ್ರಿ ಶಿಫ್ಟು, ಹೆಂಡತಿಗೆ ಗಾರ್ಮೆಂಟ್ಸಿನಲ್ಲಿ ಹಗಲು ಕೆಲಸ. ಮಗುವಿಗೆ ಜ್ವರ ಬಂದರೆ ಎತ್ತಿಕೊಳ್ಳಲು ಅಜ್ಜಿಯಿಲ್ಲ. ಬಾಣಂತಿಗೆ ಬಿಸಿನೀರು ಕಾಯಿಸಿಕೊಡಲು ತವರಿನವರಿಲ್ಲ. ಆಸ್ಪತ್ರೆಯಲ್ಲಿ ಸಂಬಂಧಿಕರ ಸಹಿ ಬೇಕೆಂದಾಗ ಸಹಿ ಹಾಕುವವರು ಯಾರು? ಸಾವು ಸಂಭವಿಸಿದರೆ ದೇಹವನ್ನು ಊರಿಗೆ ಸಾಗಿಸುವ ಆಂಬುಲೆನ್ಸಿಗೆ ಹಣ ಹೊಂದಿಸುವವರು ಯಾರು? 2020ರ ಮಾರ್ಚ್ 25ರಂದು ದೇಶವೆಲ್ಲ ಬೀಗ ಹಾಕಿಕೊಂಡಾಗ ಈ ಪ್ರಶ್ನೆಗಳು ನಮ್ಮ ಬಾಗಿಲಿಗೇ ಬಂದು ನಿಂತವು. ಕೂಲಿ ನಿಂತುಹೋದ ಅನೇಕರು ಮಕ್ಕಳನ್ನು ಹೆಗಲೇರಿಸಿಕೊಂಡು ನಡೆದೇ ಹೊರಟರು. ನಮಗೆ ಇಲ್ಲಿ ಯಾರಿದ್ದಾರೆ ಎಂಬುದೊಂದೇ ಅವರ ಮಾತು.

ಆ ಮಾತಿಗೆ ಉತ್ತರವಾಗುವುದೇ ಧರ್ಮಕೇಂದ್ರದ ಕರೆ. ಜ್ಞಾನಸ್ನಾನದಲ್ಲಿ ನಾವು ಒಂದೇ ತಂದೆಯ ಮಕ್ಕಳಾದೆವು. ಬಲಿಪೂಜೆಯಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಳ್ಳುತ್ತೇವೆ. ಆದರೆ ಭಾನುವಾರ ಒಂದೇ ಬೆಂಚಿನಲ್ಲಿ ಕುಳಿತು ಶಾಂತಿಯನ್ನು ಹಾರೈಸಿಕೊಂಡವರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಆ ಹಾರೈಕೆಗೆ ಅರ್ಥವೆಲ್ಲಿ?

ಇನ್ನೊಂದು ನೋವಿನ ವಿಷಯವನ್ನೂ ಹೇಳಲೇಬೇಕು. ಬಲಿಪೂಜೆ ಯಾವ ಭಾಷೆಯಲ್ಲಿ, ಹಬ್ಬದ ತೇರು ಯಾರ ಬೀದಿಯಲ್ಲಿ, ಸಮಿತಿಯಲ್ಲಿ ಯಾವ ಊರಿನವರು ಎಷ್ಟು ಎಂಬ ಲೆಕ್ಕಾಚಾರಗಳು ನಮ್ಮ ನಡುವೆ ಗೋಡೆಗಳನ್ನು ಎಬ್ಬಿಸಿವೆ. ಮದುವೆಯ ಮಾತು ಬಂದಾಗ ಜಾತಿಯೂ ಮೆಲ್ಲನೆ ಒಳಬರುತ್ತದೆ. ಭಾಷೆ ದೇವರ ವರ. ಈ ನೆಲದ ಕನ್ನಡವನ್ನು ಕಲಿತು ಗೌರವಿಸುವುದು ಇಲ್ಲಿ ಅನ್ನ ಉಣ್ಣುವ ಎಲ್ಲರ ಕರ್ತವ್ಯ, ಬಂದವರ ತಾಯ್ನುಡಿಗೆ ಮನ್ನಣೆ ಕೊಡುವುದು ಇಲ್ಲಿಯವರ ದೊಡ್ಡತನ. ಆದರೆ ಭಾಷೆಯಾಗಲಿ ಜಾತಿಯಾಗಲಿ ಈ ಕುಟುಂಬದ ಬಾಗಿಲಲ್ಲ. ಅದನ್ನೇ ಬಾಗಿಲಾಗಿಸಿಕೊಂಡರೆ ಒಳಗಿದ್ದೇವೆಂದು ನಂಬಿದ ನಾವೇ ಹೊರಗೆ ನಿಂತವರಾಗುತ್ತೇವೆ.

ಹೆತ್ತವರನ್ನು ಮರೆಯಲು ನೆಪವಲ್ಲ

ಆಧ್ಯಾತ್ಮಿಕ ಕುಟುಂಬ ದೊರಕಿತೆಂದು ರಕ್ತಸಂಬಂಧವನ್ನು ಕಡೆಗಣಿಸಬಹುದೇ? ಖಂಡಿತ ಇಲ್ಲ. ದೇವರಿಗೆ ಮೀಸಲು ಎಂಬ ನೆಪ ಹೇಳಿ ತಂದೆತಾಯಿಗೆ ಸಲ್ಲಬೇಕಾದ ನೆರವನ್ನು ತಪ್ಪಿಸುತ್ತಿದ್ದವರನ್ನು ಯೇಸು ಕಟುವಾಗಿ ಖಂಡಿಸಿದರು (ಮಾರ್ಕ 7:9-13). ಶಿಲುಬೆಯ ಮೇಲೆ ಪ್ರಾಣ ಬಿಡುವ ಮುನ್ನ ತಾಯಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದರು, ಆ ಶಿಷ್ಯನು ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದನು (ಯೊವಾನ್ನ 19:25-27). ಹೆತ್ತ ತಾಯಿಯ ಹೊಣೆಯೂ ಹೊಸ ಕುಟುಂಬದ ಹುಟ್ಟೂ ಒಂದೇ ಗಳಿಗೆಯಲ್ಲಿ ಕೂಡಿಬಂದವು. ಊರಿನಲ್ಲಿ ಒಂಟಿಯಾಗಿರುವ ತಾಯಿಗೆ ತಿಂಗಳ ಹಣ ಕಳಿಸದೆ, ವಾರಕ್ಕೊಮ್ಮೆಯೂ ಫೋನ್ ಮಾಡದೆ ಇಲ್ಲಿ ಪ್ರಾರ್ಥನಾಕೂಟಗಳಲ್ಲಿ ಮುಂದಾಳಾಗಿದ್ದರೆ ತಂದೆಯ ಚಿತ್ತ ನೆರವೇರಿದಂತಲ್ಲ.

ನಾವು ಮಾಡಬಹುದಾದದ್ದು

ಈ ಹಬ್ಬದಿಂದ ಆರಂಭಿಸಿ ಕೆಲವು ಸಣ್ಣ ಹೆಜ್ಜೆಗಳನ್ನು ಇಡೋಣ.

ಮೊದಲನೆಯದು, ಬಲಿಪೂಜೆ ಮುಗಿದೊಡನೆ ಗಾಡಿ ಹತ್ತದೆ, ಗುರುತಿಲ್ಲದ ಒಬ್ಬರನ್ನು ಮಾತನಾಡಿಸಿ ಹೆಸರು, ಊರು, ಮನೆ ಎಲ್ಲಿ ಎಂದು ಕೇಳೋಣ. ಒಂಟಿಯಾಗಿ ಬಾಳುವ ಯುವಕ ಯುವತಿಯರನ್ನು ಕ್ರಿಸ್ಮಸ್ ದಿನ ಊಟಕ್ಕೆ ಕರೆಯೋಣ.

ಎರಡನೆಯದು, ಕಿರು ಕ್ರೈಸ್ತ ಸಮುದಾಯದ ಕೂಟಗಳು ಜಪಸರ ಮುಗಿಸಿ ಚಹಾ ಕುಡಿದು ಏಳುವಲ್ಲಿಗೆ ನಿಲ್ಲದಿರಲಿ. ಈ ವಾರ ನಮ್ಮ ಬೀದಿಯಲ್ಲಿ ಕೆಲಸ ಕಳೆದುಕೊಂಡವರು ಯಾರು, ಕಾಯಿಲೆ ಬಿದ್ದವರು ಯಾರು, ಇ.ಎಸ್.ಐ. ಕಾರ್ಡು ಮಾಡಿಸಿಕೊಳ್ಳಲು ತಿಳಿಯದವರು ಯಾರು ಎಂದು ವಿಚಾರಿಸಲಿ. 1833ರಲ್ಲಿ ಪ್ಯಾರಿಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡೆರಿಕ್ ಓಜಾನಾಮ್ ಗೆಳೆಯರೊಂದಿಗೆ ಬಡವರ ಮನೆಗಳಿಗೆ ಹೋಗಿ ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಇಂಥ ಭೇಟಿಗಳಿಂದಲೇ ಲೋಕವೆಲ್ಲ ಹರಡಿತು.

ಮೂರನೆಯದು, ಪಾಳಿಯ ಕೆಲಸದಿಂದ ಭಾನುವಾರ ಬರಲಾಗದವರನ್ನು ಸೋಮಾರಿಗಳೆಂದು ತೀರ್ಪು ಮಾಡದಿರೋಣ. ಅವರ ಶಿಫ್ಟಿನ ಸಮಯವನ್ನು ನೋಡಿಕೊಂಡು ಪೂಜೆಯ, ಪಾಪನಿವೇದನೆಯ ವೇಳೆಯನ್ನು ಹೊಂದಿಸುವುದು ಗುರುಗಳಾದ ನಮ್ಮ ಹೊಣೆ.

ನಾಲ್ಕನೆಯದು ಮನೆಯೊಳಗಿನದು. ರಾತ್ರಿ ಮಲಗುವ ಮುನ್ನ ಮಕ್ಕಳೊಂದಿಗೆ ಪ್ರಭು ಕಲಿಸಿದ ಪ್ರಾರ್ಥನೆಯನ್ನು ಹೇಳುವಾಗ ದೇವರ ಚಿತ್ತ ಎಂಬಲ್ಲಿ ಒಂದು ಕ್ಷಣ ನಿಲ್ಲಿಸಿ, ಇಂದು ಅದನ್ನು ಎಲ್ಲಿ ನೆರವೇರಿಸಿದೆವು, ನಾಳೆ ಯಾರಿಗಾಗಿ ನೆರವೇರಿಸಬೇಕು ಎಂದು ಮಕ್ಕಳನ್ನೇ ಕೇಳೋಣ.

ಪ್ರಿಯರೇ, ಸಂಪತ್ತು, ಊರು, ಬಂಧುಗಳನ್ನು ತಮಗಾಗಿ ಬಿಟ್ಟುಬಂದವರಿಗೆ ಈ ಲೋಕದಲ್ಲಿಯೇ ನೂರ್ಮಡಿ ಮನೆಗಳೂ ಸಹೋದರ ಸಹೋದರಿಯರೂ ತಾಯಂದಿರೂ ದೊರಕುವರೆಂದು ಯೇಸು ವಾಗ್ದಾನ ಮಾಡಿದ್ದಾರೆ (ಮಾರ್ಕ 10:29-30). ಆ ನೂರು ಮನೆಗಳು ಆಕಾಶದಿಂದ ಇಳಿದು ಬರುವುದಿಲ್ಲ. ಅವು ನಮ್ಮ ನಿಮ್ಮ ಮನೆಗಳೇ. ನಾವು ಬಾಗಿಲು ತೆರೆದರೆ ಪ್ರಭುವಿನ ವಾಗ್ದಾನ ಒಬ್ಬ ಪರಊರಿನವನ ಪಾಲಿಗೆ ನಿಜವಾಗುತ್ತದೆ. ತೆರೆಯದಿದ್ದರೆ ಅವನು ಹೊರಗೇ ನಿಂತಿರುತ್ತಾನೆ.

ದೇವರ ಚಿತ್ತಕ್ಕೆ ತಮ್ಮನ್ನೇ ಕಾಣಿಕೆಯಾಗಿ ಒಪ್ಪಿಸಿದ ಮಾತೆ ಮರಿಯಮ್ಮನವರೇ, ಧರ್ಮಸಭೆಯ ತಾಯಿಯೇ, ಊರು ಬಿಟ್ಟು ಬಂದ ನಮ್ಮೆಲ್ಲರನ್ನೂ ನಿಮ್ಮ ಮಗನ ಕುಟುಂಬದಲ್ಲಿ ಸೇರಿಸಿಕೊಳ್ಳಿ. ತಂದೆಯ ಚಿತ್ತವನ್ನು ಕೇಳುವ ಕಿವಿಯನ್ನೂ ನೆರವೇರಿಸುವ ಕೈಗಳನ್ನೂ ನಮಗೆ ಬೇಡಿ ಕೊಡಿಸಿರಿ. ಆಮೆನ್.